ರೀಸ್ಲಿಂಗ್ ಬಳ್ಳಿಗಳ ಕೊನೆಯ ಬೇಸಿಗೆ

ದೀಪಾವಳಿಯ ಮರುದಿನ ಗುರುಗ್ರಾಮದ ನನ್ನ ಫ್ಲ್ಯಾಟಿನ ಬಾಲ್ಕನಿ ಬಾಗಿಲು ತೆರೆದರೆ ಪಟಾಕಿಯ ಗಂಧಕ ಮೂಗಿಗೆ ಬಡಿಯುತ್ತದೆ. ಉಳಿದವರು ಕೆಮ್ಮುತ್ತಾರೆ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ಅದು ಅಪ್ಪನ ಅಂಗಿಯ ವಾಸನೆ. ಬೂದಿರೋಗ ತಗುಲದಿರಲೆಂದು ದ್ರಾಕ್ಷಿ ಎಲೆಗಳಿಗೆ ಗಂಧಕದ ಪುಡಿ ಹೊಡೆದು ಬಂದ ಅಪ್ಪನನ್ನು ಅವ್ವ ಅಂಗಳದಲ್ಲೇ ನಿಲ್ಲಿಸಿ ಅಂಗಿ ಬಿಚ್ಚಿಸುತ್ತಿದ್ದಳು. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು, ಯಾರಿಗೂ ವಿವರಿಸಲು ಮನಸ್ಸಾಗದ್ದು.

ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ, ಇಲ್ಲಿಂದ ಹೆದ್ದಾರಿಯಲ್ಲಿ ಮಾನೇಸರ್ ದಾಟಿದ ಮೇಲೆ, ಅರಾವಳಿಯ ಕಲ್ಲುಗುಡ್ಡದ ಬುಡದಲ್ಲಿದ್ದ ವೈನ್ ತೋಟವೊಂದಕ್ಕೆ ಅಪ್ಪ ಮೇಲ್ವಿಚಾರಕನಾಗಿದ್ದ. ವಿಜಯಪುರದ ಕಡೆಯವನು, ತೋಟಗಾರಿಕೆ ಓದಿದವನು. ತೋಟದೊಳಗೇ ನಮ್ಮ ಮನೆ; ಅಡುಗೆಮನೆಯ ಕಿಟಕಿಗೂ ಹೆದ್ದಾರಿಗೂ ನಡುವೆ ಬಳ್ಳಿಯ ಸಾಲುಗಳೇ. ರೀಸ್ಲಿಂಗ್ ಚಳಿ ದೇಶದ ಬಿಳಿ ದ್ರಾಕ್ಷಿ. ಗೊಂಚಲಲ್ಲಿ ಹಣ್ಣುಗಳು ಒತ್ತೊತ್ತಾಗಿ ಕೂತಿರುವುದರಿಂದ ಮಾಗುವ ಹೊತ್ತಿಗೆ ಜೋರು ಮಳೆ ಬಿದ್ದರೆ ಒಡೆದು ಕೊಳೆಯುತ್ತವೆ. ಹಿಂದಿನ ಬೆಳೆಗಳು ಕೈಕೊಟ್ಟಿದ್ದವು. ಈ ಸಲವೂ ವೈನ್ ಆಗದಿದ್ದರೆ ಬಳ್ಳಿ ಕಿತ್ತು, ಮದುವೆಗಳಿಗೆ ಬಾಡಿಗೆ ಕೊಡುವ ಹುಲ್ಲುಹಾಸಿನ ಲಾನ್ ಮಾಡುತ್ತೇನೆಂದು ಮಾಲೀಕರು ಹೇಳಿಬಿಟ್ಟಿದ್ದರು. ಬಳ್ಳಿ ಹೋದರೆ ನಮ್ಮ ಮನೆಯೂ ಹೋದಂತೆ.

ಆ ಜೂನಿನಲ್ಲಿ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅಪ್ಪ ಹಣ್ಣಿನ ರಸವನ್ನು ಸಕ್ಕರೆ ಅಳೆಯುವ ಪುಟ್ಟ ದುರ್ಬೀನಿಗೆ ಹಾಕಿ ಬಿಸಿಲಿಗೆ ಹಿಡಿಯುತ್ತಿದ್ದ. ಸಿಹಿ ಹತ್ತಿರ ಬಂದಿದೆ, ಇನ್ನೂ ಸಾಲದು. ಒಂದು ಸಂಜೆ ಪಡುವಣದ ಬಿಸಿಗಾಳಿ ನಿಂತು ಮೂಡಣದಿಂದ ತಣ್ಣಗೆ ಬೀಸತೊಡಗಿತು. ಅಪ್ಪನ ಮುಖ ಸಡಿಲವಾಯಿತು. ವಿಜಯಪುರದ ಕಡೆ ಮುಂಗಾರು ಬರುವುದು ಪಡುವಣದಿಂದ; ಇಲ್ಲಿ ಇಷ್ಟು ವರ್ಷ ಇದ್ದರೂ ಅಪ್ಪ ಗಾಳಿಯನ್ನು ಊರಿನ ಲೆಕ್ಕದಲ್ಲೇ ಓದುತ್ತಿದ್ದ.

"ಗಾಳಿ ತಿರುಗೇತಿ. ಇನ್ನ ನಾಕ ದಿನ ಮಳಿ ಇಲ್ಲ," ಎಂದ.

ಅವ್ವನೂ ಅದೇ ಊರಿನವಳು. ತಕ್ಷಣ ಸಂಡಿಗೆಗೆ ಹಿಟ್ಟು ಕಲಸಲು ಕೂತಳು. "ನಿಮ್ಮ ದ್ರಾಕ್ಷಿ ಹಣ್ಣಾಗೂದ್ರಾಗ ನನ್ನ ಸಂಡಿಗಿ ಒಣಗ್ತಾವ ನೋಡ್ರಿ."

"ನನ್ನ ದ್ರಾಕ್ಷಿ ಒಣಗಿದ್ರ ಮಾಲೀಕ ನನ್ನ ಒಣಗಸ್ತಾನ." ಬಹಳ ದಿನಗಳ ಮೇಲೆ ಇಬ್ಬರೂ ನಕ್ಕರು. ನಾಳೆಯೇ ಕೊಯ್ಯೋಣವೇ ಎಂದು ಮಾಲೀಕರು ಫೋನಿನಲ್ಲಿ ಕೇಳಿದಾಗ ಅಪ್ಪ, "ದೋ ದಿನ್ ಔರ್, ಸರ್. ಮಿಠಾಸ್ ಆನೇ ದೀಜಿಯೇ," ಎಂದು ಸಿಹಿ ಏರಲು ಇನ್ನೆರಡು ದಿನ ಕೇಳಿದ.

ದಿಲ್ಲಿಯ ಕಡೆ ಮಳೆಯನ್ನು ತರುವುದೇ ಆ ಮೂಡಣ ಗಾಳಿ. ಮರುದಿನ ಮಧ್ಯಾಹ್ನ ಸುರಿಯಿತು. ಅವ್ವ ಮಾಳಿಗೆಯಿಂದ ಸಂಡಿಗೆಯ ಸೀರೆಯನ್ನು ಮುದ್ದೆಯಾಗಿ ಎಳೆದು ತಂದಳು. ಅಪ್ಪ ಸಾಲುಗಳ ನಡುವೆ ನೆನೆಯುತ್ತ ನಿಂತಿದ್ದ. ವಾರದೊಳಗೆ ತೋಟವೆಲ್ಲ ಹುಳಿ ನಾತ, ಕಣಜಗಳ ಗುಂಯ್‌ಗುಡುವಿಕೆ.

ಮಾಲೀಕರು ಬೈಯಲಿಲ್ಲ. "ಚಲೋ, ಅಬ್ ಬಸ್," ಇನ್ನು ಸಾಕು ಎಂದರು ಅಷ್ಟೇ. ಎಲೆ ಉದುರುವವರೆಗೆ ಬಿಡಿ ಎಂದು ಅಪ್ಪ ಕೇಳಿಕೊಂಡ; ಬಿಟ್ಟರು. ಜನವರಿಯ ಮಂಜಿನಲ್ಲಿ ಅಪ್ಪ ಕತ್ತರಿ ಹಿಡಿದು, ಪ್ರತಿ ವರ್ಷದ ಚಾಟಣಿಯಂತೆಯೇ ಒಂದೊಂದು ಬಳ್ಳಿಯ ಹಳೆ ಕಡ್ಡಿಗಳನ್ನೂ ಕತ್ತರಿಸಿ, ಉಳಿದದ್ದನ್ನು ತಂತಿಗೆ ಕಟ್ಟಿದ.

"ನಾಳೆ ಕೀಳೂದಕ್ಕ ಇವತ್ತ ಯಾಕ ಇಷ್ಟ ಕಷ್ಟಪಡ್ತೀರಿ?" ಅವ್ವ ಕೇಳಿದಳು.

"ಈಗ ಅದರ ಹೊತ್ತು," ಎಂದ ಅಪ್ಪ.

ಬೆಳಿಗ್ಗೆ ಬಂದ ಜೆಸಿಬಿಯವನು ಅಷ್ಟು ಒಪ್ಪವಾಗಿದ್ದ ಸಾಲುಗಳನ್ನು ನೋಡಿ ಎಂಜಿನ್ ಆರಿಸಿದ. "ಭಾಯಿಸಾಬ್, ಯಹೀ ವಾಲೇ? ಪಕ್ಕಾ?" ಕೀಳಬೇಕಾದ್ದು ಇವನ್ನೇ ಹೌದೇ ಎಂದು ಕೇಳಿದ.

ಅಪ್ಪ ಹೌದೆಂದು ತಲೆಯಾಡಿಸಿದ. ನಾನು ಶಾಲೆಯ ಬಸ್ಸು ಹತ್ತಿದೆ. ಸಂಜೆ ಮರಳಿದಾಗ ನಮ್ಮ ಅಡುಗೆಮನೆಯ ಕಿಟಕಿಯಿಂದ ಹೆದ್ದಾರಿಯ ಲಾರಿಗಳು ನೇರ ಕಾಣುತ್ತಿದ್ದವು.