ಎರಡೂ ಕಡೆ ಒಂದೇ ನಂಬರು

ತಮ್ಮನ ಮದುವೆಯಾಗುವ ತನಕ ನಮ್ಮ ಮನೆಯಲ್ಲಿ ಅಪ್ಪನಿಗೆ ಏನೇ ತಿಳಿಯದಿದ್ದರೂ ನನ್ನನ್ನೇ ಕೇಳುತ್ತಿದ್ದರು. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಾನು ಕಲಬುರಗಿಯಲ್ಲಿ ಎಂ.ಸಿ.ಎ. ಮುಗಿಸಿ ಶಹಾಪುರಕ್ಕೆ ಮರಳಿದ ಮೇಲೆ ಪಹಣಿ, ಪೆನ್ಷನ್ ಫಾರ್ಮು, ಫೋನಿಗೆ ಬಂದ ಸಂದೇಶ, ಯಾವುದೇ ಇರಲಿ, "ತಡೀರಿ, ಮಗಳಿಗೆ ತೋರಸ್ತೀನಿ" ಎನ್ನುತ್ತಿದ್ದರು. ಬಂದವರೆದುರು ಆ ಮಾತು ಕೇಳುವುದು ನನಗೆ ಹಿತವಾಗಿತ್ತು. ಹಿತವಾಗಿತ್ತೆಂದು ಯಾರಿಗೂ ತೋರಿಸಿಕೊಳ್ಳಲಿಲ್ಲ.

ತಮ್ಮನ ಹೆಂಡತಿ ಸುರಪುರದ ಬಳಿಯ ದೇವಾಪುರದವಳು. ಪಿಯುಸಿಗೆ ಓದು ಬಿಟ್ಟವಳು, ನನಗಿಂತ ಐದು ವರ್ಷ ಚಿಕ್ಕವಳು. ಅವಳು ಬಂದ ವರ್ಷವೇ ಅಪ್ಪನ ಕಣ್ಣಿನ ಆಪರೇಷನ್ ಆಯಿತು. ಪೇಪರು ಓದಿ ಹೇಳುವ ಕೆಲಸ ಮೊದಲು ನನ್ನದಾಗಿತ್ತು. ಒಂದು ದಿನ ನಾನು ಯಾದಗಿರಿಗೆ ಹೋದಾಗ ಅವಳು ಓದಿದಳು. ಮರುದಿನ ಅಪ್ಪ ಪೇಪರನ್ನು ಅವಳ ಕೈಗೇ ಕೊಟ್ಟರು. ಅವಳು ಒತ್ತಕ್ಷರ ನುಂಗುತ್ತಾಳೆ, ನಡುನಡುವೆ ಫೋಟೋ ನೋಡುತ್ತ ನಿಲ್ಲುತ್ತಾಳೆ. "ಇವರ ಮಾರಿ ನೋಡ್ರಿ ಮಾವಾರ, ಉದ್ಘಾಟನಾಕ ಬಂದಾರೋ ಊಟಕ್ಕ ಬಂದಾರೋ" ಎನ್ನುತ್ತಾಳೆ. ಅಪ್ಪ ಕೆಮ್ಮು ಬರುವಷ್ಟು ನಗುತ್ತಾರೆ. ನಾನು ಓದುವಾಗ ಒಂದಕ್ಷರ ತಪ್ಪುತ್ತಿರಲಿಲ್ಲ. ಯಾರೂ ನಗುತ್ತಲೂ ಇರಲಿಲ್ಲ.

ರೌಟರು ಕಟ್ಟುವ ಯೋಚನೆ ಬಂದದ್ದು ಆಗ. ಇಂಟರ್ನೆಟ್ ಕಂಪನಿಯವರು ಕೂರಿಸಿಹೋದ ಡಬ್ಬಿ ಮಾಳಿಗೆ ಕೋಣೆಯಲ್ಲಿತ್ತು. ಅದರ ಸಿಗ್ನಲ್ ಕೆಳಗೆ ಅಪ್ಪನ ಕೋಣೆಗೆ ತಲುಪುತ್ತಿರಲಿಲ್ಲ. ತಮ್ಮನ ಹಳೆಯ ಕಂಪ್ಯೂಟರಿಗೆ ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕಿದರೆ, ಒಂದು ಕಡೆಯಿಂದ ಕಂಪನಿಯ ತಂತಿ ಒಳಗೆ ಬಂದು, ಇನ್ನೊಂದು ಕಡೆಯಿಂದ ಮನೆಗೆಲ್ಲ ಹಂಚಬಹುದು. ಕಾರ್ಡನ್ನು ಯಾದಗಿರಿಯಿಂದ ತಂದೆ. ಕೆಳಗಿನ ತನಕ ತಂತಿ ಎಳೆದು ಅಪ್ಪನ ಬಾಗಿಲ ಮೇಲೆ ಒಂದು ಹಳೆಯ ವೈ-ಫೈ ಡಬ್ಬಿ ಕೂರಿಸಿದೆ. ಅಪ್ಪನಿಗೆ ಹೇಳಿದ್ದು ಸಿಗ್ನಲ್ ಸಲುವಾಗಿ ಎಂದು. ನನಗೆ ಬೇಕಾಗಿದ್ದದ್ದು ಅವರು ಮತ್ತೆ ನನ್ನನ್ನು ಕೇಳುವಂತಾಗುವುದು.

ಅದು ನಡೆಯಲಿಲ್ಲ. ಅಪ್ಪನ ಫೋನು ವೈ-ಫೈ ಹಿಡಿಯುತ್ತಿತ್ತು, ಸಿಗ್ನಲ್ ಕಡ್ಡಿಗಳು ತುಂಬಿರುತ್ತಿದ್ದವು, ಆದರೆ ಒಂದು ಪುಟವೂ ತೆರೆಯುತ್ತಿರಲಿಲ್ಲ. ಕಂಪನಿಯ ಡಬ್ಬಿಗೆ ಫೋನನ್ನು ನೇರವಾಗಿ ಜೋಡಿಸಿದರೆ ಎಲ್ಲವೂ ಸರಿ. ಅಂದರೆ ತಪ್ಪು ನನ್ನ ಕಂಪ್ಯೂಟರಿನೊಳಗೇ ಇತ್ತು. ತಂತಿಗಳನ್ನು ಬದಲಿಸಿದೆ. ಕಾರ್ಡುಗಳನ್ನು ಅದಲುಬದಲು ಮಾಡಿದೆ. ಫೈರ್‌ವಾಲಿನಲ್ಲಿ ತಡೆ ಹಾಕುವ ನಿಯಮಗಳನ್ನೆಲ್ಲ ತೆಗೆದುಹಾಕಿ ನೋಡಿದೆ. ಮೂರು ದಿನ ಹೀಗೇ ಹೋಯಿತು. ಕೆಳಗೆ ಅಪ್ಪ ಕೇಳುವುದು ಕೇಳಿಸುತ್ತಿತ್ತು, "ಏನಾತವ್ವಾ, ಬಂತೇನು?" ಅವರು ಕೇಳುತ್ತಿದ್ದದ್ದು ನನ್ನನ್ನಲ್ಲ, ಅವಳನ್ನು. "ಅಕ್ಕಾರು ಮಾಡಾಕತ್ತಾರ್ರಿ, ಬರ್ತದ" ಎಂದು ಅವಳು ನನ್ನ ಪರವಾಗಿ ಉತ್ತರಿಸುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ನನ್ನ ಕೈಬೆರಳು ತಪ್ಪು ಕೀಲಿ ಒತ್ತುತ್ತಿತ್ತು.

ಮೂರನೆಯ ದಿನ ಸಂಜೆ ಅವಳು ಚಹಾ ಹಿಡಿದು ಮಾಳಿಗೆಗೆ ಬಂದಳು. ನಾನು ಒಂದು ಹಾಳೆಯಲ್ಲಿ ಇಡೀ ಜೋಡಣೆಯ ಚಿತ್ರ ಬರೆದುಕೊಂಡಿದ್ದೆ. ನಡುವೆ ಕಂಪ್ಯೂಟರು, ಎಡಕ್ಕೆ ಕಂಪನಿಯ ತಂತಿ, ಬಲಕ್ಕೆ ಮನೆಯ ತಂತಿ, ಪ್ರತಿಯೊಂದರ ಕೆಳಗೆ ಅದರ ನಂಬರು. ಅವಳು ಕಪ್ಪು ಇಡಲು ಜಾಗ ಹುಡುಕುತ್ತ ಹಾಳೆಯನ್ನು ನೋಡಿದಳು.

"ಅಕ್ಕಾರ, ಇದ್ಯಾಕ ಎರಡೂ ಕಡಿ ಒಂದೇ ನಂಬರ್ ಅದಾವ?"

"ಅದು ಹಾಗೇ ಇರುತ್ತೆ" ಎಂದೆ, ನೋಡದೆಯೇ.

"ಹಂಗಾದ್ರ ಅದಕ್ಕ ಹೆಂಗ ತಿಳೀತದ್ರಿ, ಎತ್ತಾಗ ಕಳಸಬೇಕು ಅಂತ? ನಮ್ಮಪ್ಪ ಕಾಲುವಿ ಮ್ಯಾಲ ತೂಬು ತೆಗಿಯೂ ಕೆಲಸ ಮಾಡ್ತಿದ್ದ. ಒಮ್ಮಿ ಬಣ್ಣ ಹಚ್ಚಾಂವ ಬಂದು ಎಲ್ಲಾ ತೂಬಿಗೂ ಹೊಸಾದಾಗಿ ನಂಬರ್ ಬರದ. ಈ ದಂಡಿಗೂ ಏಳು, ಆ ದಂಡಿಗೂ ಏಳು. ಏಳು ನಂಬರಿಗೆ ನೀರು ಬಿಡು ಅಂತ ಚೀಟಿ ಬಂತು. ಈ ಕಡಿಯಾವ್ರು ನಮ್ದು ಅಂತಾರ, ಆ ಕಡಿಯಾವ್ರು ನಮ್ದು ಅಂತಾರ. ನಮ್ಮಪ್ಪ ಚಾವಿ ಹಿಡಕೊಂಡು ಸಂಜಿತನ ನಡುವ ನಿಂತಿದ್ದ, ದೇವರ ಗುಡಿ ಮುಂದಿನ ಕಲ್ಲಿನಂಗ. ನೀರು ಎತ್ತಾಗೂ ಹೋಗ್ಲಿಲ್ಲ."

"ಇದು ನೀರಲ್ಲ" ಎಂದೆ.

"ಹೌದ್ರಿ, ನನಗೇನು ತಿಳೀತದ" ಎಂದು ನಕ್ಕು ಅವಳು ಇಳಿದುಹೋದಳು.

ಅವಳ ಹೆಜ್ಜೆ ಮೆಟ್ಟಿಲು ಮುಗಿಸುವವರೆಗೆ ಕಾದೆ. ಆಮೇಲೆ ಹಾಳೆಯನ್ನು ನೋಡಿದೆ. ಕಂಪನಿಯ ಡಬ್ಬಿ ತನಗೆ 192.168.1.1 ಎಂದು ನಂಬರು ಇಟ್ಟುಕೊಂಡಿತ್ತು. ಮನೆಯ ಕಡೆಗೆ ನಾನು ಕೊಟ್ಟದ್ದೂ ಅದೇ. ಪಠ್ಯಪುಸ್ತಕಗಳಲ್ಲಿ ಉದಾಹರಣೆಗೆ ಕೊಡುವ ನಂಬರು ಅದು. ಎಷ್ಟು ಪರೀಕ್ಷೆಗಳಲ್ಲಿ ಬರೆದಿದ್ದೆನೆಂದರೆ ಕೈ ತಾನಾಗಿಯೇ ಬರೆದುಬಿಟ್ಟಿತ್ತು. ನಡುವಿನ ಕಂಪ್ಯೂಟರಿಗೆ ಒಳಗು ಯಾವುದು, ಹೊರಗು ಯಾವುದು ಗೊತ್ತಾಗುತ್ತಿರಲಿಲ್ಲ. ಮನೆಯ ಕಡೆಯದನ್ನು 192.168.10.1 ಮಾಡಿ, ಎಲ್ಲವನ್ನೂ ಮತ್ತೆ ಚಾಲೂ ಮಾಡಿದೆ. ಚಹಾ ಆರುವುದರೊಳಗೆ ಕೆಳಗೆ ಅಪ್ಪನ ಫೋನಿನಲ್ಲಿ ವಿಡಿಯೋ ಮಾತಾಡತೊಡಗಿತು.

ಕೆಳಗಿಳಿದಾಗ ತಮ್ಮ ತಾನು ಕಲಿಸುವ ವಡಗೇರಾದ ಶಾಲೆಯಿಂದ ಆಗತಾನೆ ಬಂದು ಚಪ್ಪಲಿ ಬಿಡುತ್ತಿದ್ದ. ಅಪ್ಪ ಅವನಿಗೆ ಹೇಳುತ್ತಿದ್ದರು, "ತಪ್ಪು ಹಿಡದ್ಲು ನೋಡು ನನ್ನ ಮಗಳು."

"ನಂಬರ್ ತಪ್ಪಿತ್ತು, ಸಿಕ್ತು" ಎಂದೆ. ನಮ್ಮ ಭಾಷೆಯಲ್ಲಿ ಸಿಕ್ಕಿತು ಎನ್ನಲು ಹುಡುಕಿದವರು ಯಾರೆಂದು ಹೇಳಬೇಕಿಲ್ಲ. ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಲ್ಲುತ್ತದೇನೋ ಎಂದು ಕಿವಿಗೊಟ್ಟೆ. ನಿಲ್ಲಲಿಲ್ಲ.

"ಎಂಥಾ ತಪ್ಪು ಅದು? ನನಗ ತಿಳಿಯೂಹಂಗ ಹೇಳು" ಎಂದರು ಅಪ್ಪ. ಎಷ್ಟು ತಿಂಗಳ ಮೇಲೆ ಅವರು ನನ್ನನ್ನು ಹೀಗೆ ಕೇಳಿದ್ದು. ಮನೆ ನಂಬರು, ಓಣಿ ಎಂದೇನೋ ಶುರುಮಾಡಿದೆ. ಅವರಿಗೆ ತಿಳಿದಂತೆ ಕಾಣಲಿಲ್ಲ. ಅವರು ಬೇಸತ್ತು ಬೇರೆ ಕಡೆ ತಿರುಗುತ್ತಾರೆಂಬ ಹೆದರಿಕೆಗೆ ಬಾಯಿಂದ ಬಂದುಬಿಟ್ಟಿತು: "ಕಾಲುವಿ ಎರಡೂ ದಂಡಿಯ ತೂಬಿಗೆ ಒಂದೇ ನಂಬರ್ ಬರದಂಗ."

"ಓ" ಎಂದರು ಅಪ್ಪ, ತಕ್ಷಣ ತಿಳಿದು. ಆಮೇಲೆ, "ನೀ ತೂಬು ಯಾವಾಗ ನೋಡೀದಿ?"

ತಮ್ಮ ನಗತೊಡಗಿದ. "ಇದು ನಮ್ಮ ಮಾವನ ಏಳು ನಂಬರಲ್ಲೇನಕ್ಕಾ? ದೇವಾಪುರಕ್ಕ ಹೋದಾಗೊಮ್ಮಿ ಊಟಕ್ಕ ಕುಂತ್ರ ಇದೇ ಕಥಿ."

ಇನ್ನು ಅಡಗಲು ಜಾಗವಿರಲಿಲ್ಲ. "ತಪ್ಪು ಹಿಡದಾಕಿ ಆಕೀನೇ" ಎಂದೆ.

"ಮತ್ತ ಅವಾಗ ಯಾಕ ಅನಲಿಲ್ಲ?" ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಪ್ರಶ್ನೆ. ಕಚೇರಿಯಲ್ಲಿ ಫೈಲು ಬಿಚ್ಚಿ ಕೇಳುತ್ತಿದ್ದರಲ್ಲ, ಹಾಗೆ. ನಾನು ತಾಟು ಎಳೆದುಕೊಂಡು ಊಟಕ್ಕೆ ಕುಳಿತೆ.

ಅಡುಗೆಮನೆಯಿಂದ ಅವಳೇ ಹೇಳಿದಳು: "ಅಕ್ಕಾರು ಬಾಯಿ ತೆಗಿಯೂದ್ರಾಗ ನೀವ ಅಂದುಬಿಟ್ರಲ್ರಿ ಮಾವಾರ, ನನ್ನ ಮಗಳು ಹಿಡದ್ಲು ಅಂತ. ಅವರಿಗೆ ಮಾತಾಡಾಕ ಎಲ್ಲಿ ಬಿಟ್ರಿ?"

"ಅದೂ ಖರೇನ" ಎಂದರು ಅಪ್ಪ.

ಅದು ಖರೆಯಲ್ಲ. ನನಗೆ ಬೇಕಾದಷ್ಟು ಹೊತ್ತಿತ್ತು, ಅವಳಿಗೂ ಅದು ಗೊತ್ತಿತ್ತು. ಅವಳು ನನಗಾಗಿ ಸುಳ್ಳು ಹೇಳಿದಳು, ಅಪ್ಪ ಒಂದು ಕ್ಷಣವೂ ತಡೆಯದೆ ನಂಬಿದರು. ಆಗ ನನಗೆ ಹೊಟ್ಟೆ ಉರಿದದ್ದು ಅವಳು ತಪ್ಪು ಹಿಡಿದದ್ದಕ್ಕಲ್ಲ. ಅಪ್ಪ ಅವಳನ್ನು ಅಷ್ಟು ಸಲೀಸಾಗಿ ನಂಬಿದ್ದಕ್ಕೆ.

ಅವಳು ಹೆಂಚಿನಿಂದ ತೆಗೆದ ಮೊದಲ ರೊಟ್ಟಿಯನ್ನು ತಂದು ನನ್ನ ತಾಟಿಗೆ ಹಾಕಿದಳು. ತಿಂದೆ. ರುಚಿಯಾಗಿತ್ತು. ಹಾಗೆಂದು ಹೇಳಲಿಲ್ಲ.