ಚೆಂಡು ದಾಟಿಸುವ ಕಾರ್ಯದರ್ಶಿ

ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗಳು ಇಪ್ಪತ್ತೆಂಟು ವರ್ಷ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಷ್ಟೂ ವರ್ಷದಲ್ಲಿ ಒಂದೇ ಒಂದು ನೋಟಿಸು ಬಂದಿಲ್ಲವೆಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ಏನಾದರೂ ಮಾಡಿದ್ದರೆ ತಾನೇ ಬರೋದು!

ಅವರ ಮುದ್ದಿನ ಮಾತೊಂದಿದೆ: ‘ಬಾಲ್ ಈಸ್ ಇನ್ ಯುವರ್ ಕೋರ್ಟ್.’ ಚೆಂಡು ನಿಮ್ಮ ಅಂಗಳದಲ್ಲಿದೆ, ನಮ್ಮ ಪಾಲಿನದು ಮುಗಿಯಿತು, ಇನ್ನು ತೀರ್ಮಾನ ನಿಮ್ಮದು ಎಂದರ್ಥ. ತಮ್ಮ ಪಾಲಿನ ಕೆಲಸ ಮಾಡಿದವರು ಆಡಬೇಕಾದ ಮಾತು. ಇವರು ಕೆಲಸ ಶುರುವಾಗುವ ಮೊದಲೇ ಆಡಿ ಮುಗಿಸುತ್ತಾರೆ.

ಲಿಫ್ಟ್ ಕೆಟ್ಟಾಗಲೂ ಅದೇ ಕಥೆ. ರಿಪೇರಿಗೆ ಒಪ್ಪಿಗೆಯೆಂದು ಒಂದು ಸಹಿ ಹಾಕಿ ಕಳಿಸಿ ಎಂದು ಕಂಪನಿಯವರು ಬರೆದರು. ನೀವೇ ಬಲ್ಲವರು, ನೀವೇ ನಿರ್ಧರಿಸಿ, ಬಾಲ್ ಈಸ್ ಇನ್ ಯುವರ್ ಕೋರ್ಟ್ ಎಂದು ಇವರು ಬರೆದರು. ಸಹಿಯಿಲ್ಲವೆಂದು ಅವರು ಕಾಗದ ವಾಪಸು ಕಳಿಸಿದರು. ಮೂರು ತಿಂಗಳು ಇದೇ ಆಟ.

ಇದರಿಂದ ನಾಲ್ಕನೇ ಮಹಡಿಯ ಮನೆಯಲ್ಲೇ ಸಿಕ್ಕಿಕೊಂಡಿದ್ದು ನಮ್ಮತ್ತೆ. ಅವರ ಎರಡೂ ಮಂಡಿ ಕೈಕೊಟ್ಟಿವೆ. ಪಕ್ಕದ ಬೀದಿಯಲ್ಲಿ ಅವರ ಅಕ್ಕ ಹಾಸಿಗೆ ಹಿಡಿದಿದ್ದರು. ಅತ್ತೆ ಕಿಟಕಿಯಲ್ಲಿ ಕೂತು ಆ ಬೀದಿಯ ತಿರುವನ್ನೇ ನೋಡುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ, ಅಕ್ಕ ಊಟ ಬಿಟ್ಟಿದ್ದಾರೆಂದು ಫೋನ್ ಬಂತು. ಅತ್ತೆ ನನ್ನ ಹೆಗಲು ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ಕೂತೆದ್ದು ಕೆಳಗಿಳಿದರು. ಅಕ್ಕನನ್ನು ನೋಡಿಕೊಂಡು ಸಂಜೆ ಹಿಂತಿರುಗಿದವರು ನೆಲಮಹಡಿಯ ಕಾರ್ಯದರ್ಶಿಗಳ ಮನೆಗೆ ಹೋಗಿ ಕೂತರು.

“ನಾಳೇನೂ ಅಕ್ಕನ ಹತ್ರ ಹೋಗ್ಬೇಕು. ಹತ್ತೋಕೆ ನನ್ನ ಕೈಲಾಗಲ್ಲ. ಲಿಫ್ಟ್ ಸರಿಹೋಗೋವರೆಗೂ ಇಲ್ಲೇ ಇರ್ತೀನಿ,” ಅಂದರು.

“ಇರಿ ಅಮ್ಮಾ, ನಿಮ್ಮ ಮನೆ ಅಂದ್ಕೊಳ್ಳಿ,” ಎಂದು ಕಾರ್ಯದರ್ಶಿಗಳ ಹೆಂಡತಿ ಗಂಡನ ಮಂಚವನ್ನೇ ಬಿಟ್ಟುಕೊಟ್ಟರು. ಪುಣ್ಯಾತ್ಗಿತ್ತಿ. ಗಂಡ ಎರಡು ರಾತ್ರಿ ಸೋಫಾದಲ್ಲಿ ಮುದುಡಿ ಮಲಗಿದರು.

ಮೂರನೇ ದಿನ ಲಿಫ್ಟ್ ಕಂಪನಿಯ ಕಾಗದ ಮುಂದಿಟ್ಟುಕೊಂಡು ನನ್ನನ್ನು ಕರೆಸಿದರು.

“ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನ್ನನ್ನೇ ಕೇಳ್ತಾರಲ್ಲಮ್ಮಾ?”

“ಕೇಳ್ತಾರೆ ಸಾರ್. ಅದಕ್ಕೇ ಅಲ್ವಾ ನಿಮ್ಮನ್ನ ಕಾರ್ಯದರ್ಶಿ ಮಾಡಿರೋದು?”

ಸಹಿ ಬಿತ್ತು. ಮಧ್ಯಾಹ್ನದೊಳಗೆ ಲಿಫ್ಟ್ ಓಡಿತು.

ಆಮೇಲೆ ಅಕ್ಕ ಬದುಕಿದ್ದು ಒಂಬತ್ತೇ ದಿನ. ಒಂಬತ್ತೂ ದಿನ ಅತ್ತೆ ಹೋಗಿಬಂದರು. ತೊಂಬತ್ತು ದಿನ ಹೋಗಬಹುದಿತ್ತಲ್ಲ ಎಂಬ ಸಂಕಟ ತಡೆಯಲಾರದೆ, ಕಾರ್ಯದರ್ಶಿಗಳಿಗೆ ಅದನ್ನು ಮುಖಕ್ಕೇ ಹೇಳಿಬಿಟ್ಟೆ.

“ಇರಬಹುದಮ್ಮ,” ಅಂದರು ಅವರು. “ಆದ್ರೆ ಕೊನೆಗೆ ಸಹಿ ಹಾಕಿದ್ದು ಯಾರು ಹೇಳಿ, ನಾನೇ ತಾನೇ?”