ಮುನ್ನೂರ ಹನ್ನೆರಡನೇ ಬಿಲ್ಲೆ

ಸರ್ವೀಸ್ ಪುಸ್ತಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ಬೇಕು ಅಂತ ಆಸ್ಪತ್ರೆಯ ಆಫೀಸಿನವರು ಕೇಳಿದ್ದರು. ಟ್ರಂಕಿನ ತಳದಲ್ಲಿದ್ದ ಫೈಲು ಎಳೆದರೆ ಅದರೊಳಗಿಂದ ಏನೋ ಠಣ್ ಅಂತ ನೆಲಕ್ಕೆ ಬಿತ್ತು. ಹಿತ್ತಾಳೆ ಬಿಲ್ಲೆ. ಮೇಲೊಂದು ತೂತು, ನಡುವೆ ಅಚ್ಚೊತ್ತಿದ ನಂಬರು, ಮುನ್ನೂರ ಹನ್ನೆರಡು. ಎತ್ತಿಕೊಂಡದ್ದೇ ತಡ, ಕೈಗೆಲ್ಲ ಕಿಲುಬಿನ ವಾಸನೆ. ಸೋಪು ಹಾಕಿ ಎರಡು ಸಲ ತೊಳೆದೆ, ಹೋಗಲಿಲ್ಲ. ಆ ವಾಸನೆಯ ಹಿಂದೆಯೇ ಉರಿಗಾಂನ ತಗಡಿನ ಮನೆ, ಅದರ ಜಗುಲಿ, ಗೋಡೆಗೆ ಹೊಡೆದ ಮೊಳೆಗಳ ಹಲಗೆ, ಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಲ್ಯಾಂಪ್ ರೂಮ್ ತಾತ...

ನನ್ನ ಸ್ವಂತ ತಾತನಲ್ಲ. ನಮ್ಮ ಲೈನಿನ, ಅಂದರೆ ಗಣಿ ಆಳುಗಳ ಸಾಲುಮನೆಗಳ, ಮಕ್ಕಳಿಗೆಲ್ಲ ಅವರು ತಾತ. ಚಿನ್ನದ ಗಣಿಯಲ್ಲಿ ಆಳುಗಳಿಗೆ ದೀಪ ಕೊಡುವ ಕೋಣೆಯಲ್ಲಿ ಆಯುಷ್ಯ ಕಳೆದವರು. ಕೆಳಗೆ ಇಳಿಯುವವನು ಹಲಗೆಯಿಂದ ತನ್ನ ನಂಬರಿನ ಬಿಲ್ಲೆ ತೆಗೆದುಕೊಂಡು ಹೋಗಬೇಕು. ಮೇಲೆ ಬಂದವನು ದೀಪ ಒಪ್ಪಿಸಿ ಬಿಲ್ಲೆಯನ್ನು ಅದೇ ಮೊಳೆಗೆ ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಭೂಮಿಯೊಳಗೇ ಇದ್ದಾನೆ ಅಂತ ಅರ್ಥ. ಗಣಿ ಮುಚ್ಚಿದ ಮೇಲೆ ತಾತ ಹನ್ನೆರಡು ಬಿಲ್ಲೆಗಳನ್ನು ಮನೆಗೆ ತಂದುಕೊಂಡಿದ್ದರು.

ಆ ಹನ್ನೆರಡು ಬಿಲ್ಲೆಗಳೇ ನಮ್ಮ ಸ್ಕಾಲರ್‌ಶಿಪ್ಪು. ಅರ್ಜಿ ಗಿರ್ಜಿ ಏನಿಲ್ಲ. ಒಂದು ಬಿಲ್ಲೆಗೆ ಒಂದು ಮಗು, ಆ ಮಗುವಿನ ಹೈಸ್ಕೂಲು ಓದನ್ನು ಹೊರುವ ಒಂದು ಮನೆ. ತಮಿಳರು, ತೆಲುಗರು, ಕನ್ನಡದವರು, ಉರ್ದು ಮಾತಾಡುವವರು, ಎಲ್ಲ ಥರದವರೂ ಆ ಲೈನುಗಳಲ್ಲಿದ್ದೆವಲ್ಲ, ತಾತ ಒಂದೇ ಒಂದು ಕಟ್ಟು ಮಾಡಿದ್ದರು. ಕೊಡುವ ಮನೆಯ ಭಾಷೆ ಬೇರೆ, ಓದುವ ಮಗುವಿನ ಮನೆಯ ಭಾಷೆ ಬೇರೆ ಇರಬೇಕು. ನಮ್ಮೋರು ನಮ್ಮ ಮಕ್ಕಳಿಗೆ ಕೊಟ್ಟರೆ ಅದು ಮನೆ ಖರ್ಚು, ಅದಕ್ಕೆ ಸ್ಕಾಲರ್‌ಶಿಪ್ಪು ಅಂತ ಯಾಕೆ ಹೆಸರು ಎನ್ನುತ್ತಿದ್ದರು. ಹಬ್ಬದ ದಿನ ಮಗು ಆ ಮನೆಗೆ ಹೋಗಿ ಊಟ ಮಾಡಿ ಬರಬೇಕು. ಹತ್ತನೇ ಕ್ಲಾಸು ಪಾಸಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಎಲ್ಲರೆದುರು ಬಿಲ್ಲೆಯನ್ನು ಮೊಳೆಗೆ ಹಾಕಬೇಕು. ಆಮೇಲೆ ಅದು ಇನ್ನೊಂದು ಮಗುವಿಗೆ.

ನಾವು ಬಂಗಾರಪೇಟೆ ಕಡೆಯ ಹಳ್ಳಿಯವರು, ಕೂಲಿ ಹುಡುಕಿಕೊಂಡು ಉರಿಗಾಂ ಸೇರಿದವರು. ಏಳನೇ ಕ್ಲಾಸಿಗೇ ನನ್ನ ಓದು ನಿಲ್ಲಿಸುವುದು ಅಂತ ಮನೆಯಲ್ಲಿ ತೀರ್ಮಾನ ಆಗಿಹೋಗಿತ್ತು. ಅಷ್ಟರಲ್ಲಿ ತಾತ ಬಂದು ಈ ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟರು. ನನ್ನ ಪಾಲಿಗೆ ಬಂದದ್ದು ಸೈಕಲ್ ಶಾಪಿನ ಭಾಯಿಯವರ ಮನೆ. ಮೊದಲ ರಂಜಾನಿಗೆ ಅವರ ಮನೆಯಲ್ಲಿ ಶಾವಿಗೆ ಪಾಯಸದ ಬಟ್ಟಲು ಹಿಡಿದು ಕೂತಾಗ ನಾಚಿಕೆಯಿಂದ ಎರಡು ಚಮಚಕ್ಕೇ ನಿಲ್ಲಿಸಿದೆ. ಮೂರನೆಯ ವರ್ಷಕ್ಕೆ ನಾನೇ ಅಡುಗೆಮನೆಗೆ ನುಗ್ಗಿ ಬಡಿಸಿಕೊಳ್ಳುತ್ತಿದ್ದೆ.

ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಫೇಲಾದೆ. ನನ್ನ ಜೊತೆಯವರೆಲ್ಲ ಭಾನುವಾರ ಹೋಗಿ ಬಿಲ್ಲೆ ಹಾಕಿ ಬಂದರು. ನಾನು ಮನೆ ಬಿಟ್ಟು ಹೊರಗೆ ಬರಲಿಲ್ಲ. ಅದೇ ಬೇಸಿಗೆಯಲ್ಲಿ ಅಪ್ಪನಿಗೆ ಬಂಗಾರಪೇಟೆಯ ತರಕಾರಿ ಮಂಡಿಯಲ್ಲಿ ಕೆಲಸ ಸಿಕ್ಕಿತು, ನಾವು ಯಾರಿಗೂ ಹೇಳದೆ ಅಲ್ಲಿಗೆ ಬಂದುಬಿಟ್ಟೆವು. ಸದ್ಯ, ಬದುಕಿಕೊಂಡೆ ಅನ್ನಿಸಿತು. ಬಿಲ್ಲೆ ನನ್ನ ಬಟ್ಟೆಯ ಗಂಟಿನಲ್ಲೇ ಉಳಿಯಿತು. ಟೊಮ್ಯಾಟೊ ಆರಿಸುವ ಕೆಲಸಕ್ಕೆ ಸೇರಿಕೊಂಡೆ.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ತಾತ ನಿಂತಿದ್ದಾರೆ! ರೈಲಿನಲ್ಲಿ ಬಂದು, ನಮ್ಮ ಬೀದಿ ಗೊತ್ತಿಲ್ಲದೆ ಮಂಡಿಯೆಲ್ಲ ವಿಚಾರಿಸಿಕೊಂಡು ಬಂದಿದ್ದರು. ಬಯ್ಯುತ್ತಾರೆ ಅಂದುಕೊಂಡು ನಾನು ಓಡಿಹೋಗಿ ಬಿಲ್ಲೆ ತಂದು ಚಾಚಿದೆ. ತಾತ ಕೈ ಮುಂದೆ ಮಾಡಲೇ ಇಲ್ಲ. ಅಮ್ಮ ಕೊಟ್ಟ ನೀರು ಕುಡಿದು, ಹೊಸಲಿನ ಮೇಲೆ ಕೂತು, ತಮ್ಮ ತಮಿಳು ಬೆರೆತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು.

"ಒಂದ್ ಸಲ ಶಿಫ್ಟ್ ಮುಗಿದಾಗ ಒಂದು ಮೊಳೆ ಖಾಲಿ ಇತ್ತು ಕಣಮ್ಮ. ಟೋಕನ್ ಆಕೋದು ಮರ್ತು ಮನೇಗ್ ಓಗಿರ್ತಾನೆ ಅಂತ ನಾನೂ ಮನೇಗ್ ಓಗ್ಬಿಟ್ಟೆ."

ಆಮೇಲೆ ಅವನು ಸಿಕ್ಕನಾ ಅಂತ ಅಮ್ಮ ಕೇಳಿದಳು. ತಾತ ನೀರಿನ ಲೋಟ ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ, "ಪಾಸ್ ಮಾಡು. ನೀನೇ ಬಂದು ಆಕು. ಅಲ್ಲೀಗಂಟ ನಾನು ಕಾಯ್ತೀನಿ," ಎಂದರು. ಹೋಗುವಾಗ ಗಣಿತದ ಗೈಡೊಂದನ್ನು ಚೀಲದಿಂದ ತೆಗೆದಿಟ್ಟು ಹೋದರು.

ಆ ವರ್ಷವೇ ಮತ್ತೆ ಕಟ್ಟಿ ಪಾಸಾದೆ. ಅಂಚಿನ ಮಾರ್ಕು. ಆಗಲೇ ಹೋಗಬೇಕಿತ್ತು. ಓಗಿ ಕೊಟ್ಬುಟ್ಟು ಬಾ, ದೊಡ್ಡೋರು ಕಾಯ್ತಾ ಇರ್ತಾರೆ ಅಂತ ಅಮ್ಮ ವಾರಕ್ಕೊಮ್ಮೆ ಹೇಳುತ್ತಿದ್ದಳು. ನನಗೆಲ್ಲಿತ್ತು ಬುದ್ಧಿ! ಎರಡನೇ ಸಲಕ್ಕೆ ಪಾಸಾದವಳು ಭಾಯಿ ಮನೆಯವರೆದುರು ಹೇಗೆ ನಿಲ್ಲಲಿ, ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದು ತಲೆಯೆತ್ತಿಕೊಂಡು ಹೋಗುತ್ತೇನೆ ಅಂದುಕೊಂಡೆ. ಪಿಯುಸಿ ಆಯಿತು. ನರ್ಸಿಂಗ್ ಮುಗಿಸಿ ಸಿಹಿ ಹಿಡಿದುಕೊಂಡು ಹೋಗೋಣ ಅಂದುಕೊಂಡೆ. ನರ್ಸಿಂಗೂ ಆಯಿತು, ಕೆಲಸವೂ ಸಿಕ್ಕಿತು, ಮದುವೆಯಾಯಿತು. ಅಷ್ಟು ಹೊತ್ತಿಗೆ ಇಷ್ಟು ವರ್ಷ ಯಾಕೆ ಬರಲಿಲ್ಲ ಅನ್ನುವುದೇ ದೊಡ್ಡ ನಾಚಿಕೆಯಾಗಿ ಬೆಳೆದು ನಿಂತಿತ್ತು. ಉರಿಗಾಂ ಏನು ದೂರದ ದೇಶವಾ? ರೈಲು ಹತ್ತಿದರೆ ಅರ್ಧ ಗಂಟೆಯ ದಾರಿ...

ಕಳೆದ ಭಾನುವಾರ ಹೋದೆ. ಜಗುಲಿಯಲ್ಲಿ ಕುರ್ಚಿ ಇರಲಿಲ್ಲ. ತಾತನ ಮಗಳು ಬಂದು ಯಾರು ಬೇಕು ಅಂತ ಕೇಳಿದರು. ನಾನು ಅಂಗೈ ಬಿಚ್ಚಿ ಬಿಲ್ಲೆ ತೋರಿಸಿದೆ. ಅವರು ನಂಬರು ಓದಿ, ಬಾಗಿಲ ಚೌಕಟ್ಟು ಹಿಡಿದುಕೊಂಡರು.

ತಾತ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಸ್ಕಾಲರ್‌ಶಿಪ್ಪನ್ನು ಈಗ ಊರಿನ ಹುಡುಗರು ಟ್ರಸ್ಟು ಮಾಡಿ ನಡೆಸುತ್ತಾರೆ, ಬಿಲ್ಲೆ ಗಿಲ್ಲೆ ಇಲ್ಲ, ಎಲ್ಲ ಫೋನಿನಲ್ಲೇ. ಹಳೆಯ ಮಕ್ಕಳೆಲ್ಲ ಬಿಲ್ಲೆ ಹಿಂದಿರುಗಿಸಿದ್ದಾರೆ. ಹನ್ನೊಂದು ಬಿಲ್ಲೆ ತೂಗುತ್ತಿದ್ದವು, ಒಂದು ಮೊಳೆ ಖಾಲಿ. ತಾತ ಇರುವ ತನಕ ಆ ನಂಬರಿಗೆ ಬೇರೆ ಬಿಲ್ಲೆ ಮಾಡಿಸಲು ಬಿಡಲಿಲ್ಲವಂತೆ. ಒಳಗೆ ಒಬ್ಬಳಿರುವಾಗ ಅವಳ ನಂಬರನ್ನು ಇನ್ನೊಬ್ಬರಿಗೆ ಕೊಡುವ ಪದ್ಧತಿ ಗಣಿಯಲ್ಲಿಲ್ಲ ಎಂದು ಜಗಳ ಆಡುತ್ತಿದ್ದರಂತೆ. ಹಾಗಾಗಿ ಅಷ್ಟೂ ವರ್ಷ ಹನ್ನೊಂದೇ ಮಕ್ಕಳು. ಅಂದರೆ ನನ್ನ ಹಿಂದೆ ಬರಬೇಕಿದ್ದ ಯಾವುದೋ ಮಗು ಬರಲೇ ಇಲ್ಲ. ನನ್ನ ಹಾಗೆಯೇ ಏಳನೇ ಕ್ಲಾಸಿಗೆ ನಿಂತ ಮಗು. ಅದು ಈಗ ಎಲ್ಲಿದೆಯೋ, ಏನು ಮಾಡುತ್ತಿದೆಯೋ, ನನಗೆ ಎಂದಿಗೂ ಗೊತ್ತಾಗುವುದಿಲ್ಲ.

ಕೊನೆಕೊನೆಗೆ ತಾತನಿಗೆ ಕಣ್ಣು ಕಾಣುತ್ತಿರಲಿಲ್ಲ. ದಿನವೂ ಮುನ್ನೂರ ಹನ್ನೆರಡು ಮೇಲೆ ಬಂತಾ ಅಂತ ಕೇಳುತ್ತಿದ್ದರು. ನೋಡಲಾರದೆ ಮಗಳು ಒಂದು ದಿನ, ಬಂತಪ್ಪಾ, ತಗೋ ಅಂತ ಬೇರೊಂದು ಬಿಲ್ಲೆಯನ್ನು ಅವರ ಕೈಗೆ ಕೊಟ್ಟರಂತೆ. ತಾತ ಅದರ ಮೇಲೆ ಹೆಬ್ಬೆರಳು ಆಡಿಸಿ, ನಂಬರು ತಡವಿ ನೋಡಿ, ಹಾಗೇ ವಾಪಸು ಕೊಟ್ಟರು.

"ಇದು ಅವಳ್ದಲ್ಲಮ್ಮ. ನೀನು ಊಟ ಮಾಡೋಗು, ನಾನು ಕಾಯ್ತೀನಿ."

ಇಷ್ಟು ಹೇಳಿ ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಬಿಲ್ಲೆಯನ್ನು ಮೊಳೆಗೆ ಹಾಕಿದೆ. ಮೊಳೆ ತುಕ್ಕು ಹಿಡಿದಿತ್ತು, ತೂತಿನಲ್ಲಿ ಸುಲಭವಾಗಿ ಇಳಿಯಲಿಲ್ಲ. ಬಂದಿದ್ದೀನಿ ತಾತ, ಅಂದೆ. ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ಹನ್ನೆರಡೂ ಮೇಲೆ ಬಂದಿದ್ದವು. ಎಣಿಸಿ ನೋಡಿ ಇನ್ನು ಮನೆಗೆ ಹೋಗಬಹುದು ಅಂತ ಎದ್ದು ನಿಲ್ಲಬೇಕಾದವರು ಮಾತ್ರ ಅಲ್ಲಿರಲಿಲ್ಲ.